ಹಳೆಯ ರೆಪೊಗೆ ಬ್ಲ್ಯಾಕ್: ಇತಿಹಾಸ ಕೆಡದ ಹಾಗೆ

ಹಲವರು ಸೇರಿ ಬರೆಯುವ ಪೈಥಾನ್ ಪ್ರಾಜೆಕ್ಟಿಗೆ ಬ್ಲ್ಯಾಕ್ ಫಾರ್ಮ್ಯಾಟರ್ (ಕೋಡನ್ನೆಲ್ಲ ತಾನೇ ಒಂದೇ ಶೈಲಿಗೆ ತರುವ ಉಪಕರಣ) ತರೋಣ ಎಂದ ಕೂಡಲೇ ಚರ್ಚೆ ಹೊರಳುವುದು ಸಿಂಗಲ್ ಕೋಟೋ ಡಬಲ್ ಕೋಟೋ, ಸಾಲು 79 ಅಕ್ಷರಕ್ಕೆ ನಿಲ್ಲಬೇಕೋ 88ಕ್ಕೋ ಎಂಬ ಕಡೆಗೆ. ಅದಕ್ಕೆ ಅಷ್ಟು ಹೊತ್ತು ಕೊಡಬೇಕಾಗಿಲ್ಲ. ಬ್ಲ್ಯಾಕ್‌ನ ಡಿಫಾಲ್ಟ್ 88 ಇರಲಿ ಬಿಡಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಇಡೀ ರೆಪೊ (ಗಿಟ್‌ನಲ್ಲಿ ಇತಿಹಾಸ ಸಮೇತ ಇಟ್ಟ ಕೋಡ್) ಬದಲಾಗುವ ಆ ಒಂದು ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಬಗ್ಗೆ.

‘ಮುಟ್ಟಿದ ಫೈಲನ್ನಷ್ಟೇ ಫಾರ್ಮ್ಯಾಟ್ ಮಾಡುತ್ತ ಹೋಗೋಣ’ ಎನ್ನುವವರು ಇದ್ದೇ ಇರುತ್ತಾರೆ. ಬೇಡ. ಮೂರು ಸಾಲಿನ ಬಗ್ ತಿದ್ದಿದರೂ ಡಿಫ್ (ಬದಲಾದ ಸಾಲುಗಳ ಪಟ್ಟಿ) ನಾನೂರು ಸಾಲಿಗೆ ಉಬ್ಬುತ್ತದೆ. ರಿವ್ಯೂ ಮಾಡುವವರಿಗೆ ಆ ಮೂರು ಸಾಲು ಕಾಣುವುದೇ ಇಲ್ಲ. ಪೈಥಾನ್ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊದ ತಂಡ ಬ್ಲ್ಯಾಕ್ ಬಳಸುವ ಪ್ರಸ್ತಾವವನ್ನು 2019ರಲ್ಲೇ ಒಪ್ಪಿದರೂ ಬ್ಲ್ಯಾಕ್ ಬೀಟಾ ದಾಟುವ ತನಕ ಕಾಯಿತು. 2022ರ ಜನವರಿಯಲ್ಲಿ ಬೀಟಾ ದಾಟಿದ ಬ್ಲ್ಯಾಕ್ 22.1.0 ಬಂತು, ಫೆಬ್ರವರಿಯಲ್ಲಿ ಜಾಂಗೊದ ಅಷ್ಟೂ ಕೋಡ್ ಒಟ್ಟಿಗೇ ಫಾರ್ಮ್ಯಾಟ್ ಆಯಿತು. ಅದೇ ಸರಿಯಾದ ದಾರಿ.

ಆ ಕಮಿಟ್‌ನಲ್ಲಿ ಕೈಯಿಂದ ಮಾಡಿದ ಒಂದು ಬದಲಾವಣೆಯೂ ಇರಬಾರದು. ಹಾಗಿದ್ದರೆ ಪರಿಶೀಲನೆ ಸುಲಭ: ಹಿಂದಿನ ಕಮಿಟ್ ತೆಗೆದುಕೊಂಡು ಅದೇ ಆವೃತ್ತಿಯ ಬ್ಲ್ಯಾಕ್ ಓಡಿಸಿ, ಅದರ ಫಲಿತಾಂಶಕ್ಕೂ ಈ ಕಮಿಟ್‌ಗೂ ನಡುವಿನ ಡಿಫ್ ಖಾಲಿ ಬಂದರೆ ಆಯಿತು. ಕೈಯಿಂದ ಮಾಡಬೇಕಾದದ್ದನ್ನೆಲ್ಲ ಮೊದಲೇ ಬೇರೆ ಕಮಿಟ್‌ನಲ್ಲಿ ಮುಗಿಸಿ. ಅದರಲ್ಲಿ ಮುಖ್ಯವಾದದ್ದು ಕೊನೆಯ ಅಲ್ಪವಿರಾಮ. ಫಂಕ್ಷನ್ ಕರೆಯಲ್ಲಿ ಮೂರೇ ಆರ್ಗ್ಯುಮೆಂಟ್ ಇದ್ದು, ಎಲ್ಲವೂ ಒಂದು ಸಾಲಿನಲ್ಲಿ ಹಿಡಿಸಿದರೂ, ಕೊನೆಯದರ ನಂತರ ಅಲ್ಪವಿರಾಮ ಉಳಿದಿದ್ದರೆ ಬ್ಲ್ಯಾಕ್ ಅವನ್ನು ಸಾಲಿಗೊಂದರಂತೆ ಬಿಡಿಸಿಡುತ್ತದೆ. ಬೇಡವಾದ ಕಡೆ ಮೊದಲೇ ಅಳಿಸಿ. ಕೈಯಾರೆ ಜೋಡಿಸಿದ ಮ್ಯಾಟ್ರಿಕ್ಸ್‌ಗಳಿಗೆ ‘ಫಾರ್ಮ್ಯಾಟ್ ಆಫ್’, ‘ಆನ್’ ಕಾಮೆಂಟುಗಳ ಬೇಲಿ ಹಾಕಿ. ಲಿಂಟರ್ (ಕೋಡಿನಲ್ಲಿ ತಪ್ಪು ಹುಡುಕಿ ಎಚ್ಚರಿಸುವ ಉಪಕರಣ) ಸುಮ್ಮನಿರಲೆಂದು ಸಾಲಿನ ಕೊನೆಗೆ ಹಾಕಿದ ಕಾಮೆಂಟುಗಳದು ಇನ್ನೊಂದು ಕಾಟ: ಸಾಲು ಒಡೆದಾಗ ಅವು ಬೇರೆ ಸಾಲಿಗೆ ಹೋಗಿ ಕೂರುತ್ತವೆ, ಹಳೆಯ ಎಚ್ಚರಿಕೆಗಳು ಮತ್ತೆ ಏಳುತ್ತವೆ. ಪ್ರೋಗ್ರಾಮಿನ ಅರ್ಥ ಬದಲಾಗಿಲ್ಲವೆಂದು ಬ್ಲ್ಯಾಕ್ ಹಳೆಯ ಮತ್ತು ಹೊಸ ಕೋಡಿನ ಸಿಂಟ್ಯಾಕ್ಸ್ ಟ್ರೀ (ವ್ಯಾಕರಣ ರಚನೆ) ಹೋಲಿಸಿ ನೋಡುತ್ತದೆ, ನಿಜ. ಆದರೆ ಡಾಕ್‌ಸ್ಟ್ರಿಂಗ್‌ನ (ಕೋಡಿನೊಳಗೆ ಬರೆದ ವಿವರಣೆಯ) ಖಾಲಿ ಜಾಗವನ್ನು ಅದು ತಿದ್ದುತ್ತದೆ. ಅದನ್ನೇ ಅಕ್ಷರಶಃ ನೋಡುವ ಟೆಸ್ಟ್ ಇದ್ದರೆ ಮುರಿಯಬಹುದು.

ಇನ್ನು ಬ್ಲೇಮ್, ಅಂದರೆ ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಗಿಟ್ ಆಜ್ಞೆ. ಏನೂ ಮಾಡದಿದ್ದರೆ ಸಾವಿರಾರು ಸಾಲುಗಳ ಮುಂದೆ ಫಾರ್ಮ್ಯಾಟರ್ ಓಡಿಸಿದವರ ಹೆಸರೇ ಕಾಣುತ್ತದೆ. 2019ರಲ್ಲಿ ಬಂದ ಗಿಟ್ 2.23ರಿಂದ ಇದಕ್ಕೆ ಪರಿಹಾರ ಇದೆ. ರೆಪೊದ ಮೂಲ ಫೋಲ್ಡರಿನಲ್ಲಿ ‘ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಎಂಬ, ಚುಕ್ಕೆಯಿಂದ ಶುರುವಾಗುವ ಫೈಲಿಟ್ಟು ಆ ಕಮಿಟ್‌ನ 40 ಅಕ್ಷರದ ಪೂರ್ತಿ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಬರೆಯಿರಿ. ಮೊಟಕು ಹ್ಯಾಶ್ ನಡೆಯದು. ಗಿಟ್‌ಹಬ್ ಈ ಹೆಸರನ್ನು ತಾನೇ ಗುರುತಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಈ ಫೈಲನ್ನು ಗಿಟ್‌ಗೆ ತಿಳಿಸುವ ಕಾನ್ಫಿಗ್ ಬೇಕು, ಅದನ್ನು ಆ ರೆಪೊಗೆ ಮಾತ್ರ ಹಾಕಿ. ಗ್ಲೋಬಲ್ ಆಗಿ ಹಾಕಿದರೆ ಈ ಫೈಲಿಲ್ಲದ ಬೇರೆ ರೆಪೊಗಳಲ್ಲಿ ಬ್ಲೇಮ್ ಎರರ್ ಕೊಟ್ಟು ನಿಲ್ಲುತ್ತದೆ. ಸ್ಕ್ವಾಷ್ ಮರ್ಜ್ ಮಾಡುವ (ಬ್ರಾಂಚಿನ ಕಮಿಟ್‌ಗಳನ್ನೆಲ್ಲ ಒಂದು ಹೊಸ ಕಮಿಟ್ ಆಗಿ ಸೇರಿಸುವ) ತಂಡಗಳು ಎಡವುವುದು ಇಲ್ಲೇ: ಮರ್ಜ್ ಆದಾಗ ಹ್ಯಾಶ್ ಬದಲಾಗುತ್ತದೆ, ಬರೆದಿಟ್ಟದ್ದು ಇಲ್ಲದ ಕಮಿಟ್‌ನದಾಗುತ್ತದೆ. ಮರ್ಜ್ ಆದ ಮೇಲೆಯೇ ಹ್ಯಾಶ್ ಬರೆಯಿರಿ.

ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನು (ಇನ್ನೂ ಮೇನ್‌ಗೆ ಸೇರದ ಬ್ರಾಂಚುಗಳನ್ನು) ನೇರವಾಗಿ ರಿಬೇಸ್ ಮಾಡಿದರೆ, ಅಂದರೆ ಹೊಸ ಮೇನ್ ಮೇಲೆ ಮತ್ತೆ ಕೂರಿಸಿದರೆ, ಸಾಲುಸಾಲಿಗೂ ಕಾನ್‌ಫ್ಲಿಕ್ಟ್ (ಬದಲಾವಣೆಗಳ ಡಿಕ್ಕಿ). ಬದಲಿಗೆ ಫಾರ್ಮ್ಯಾಟ್ ಕಮಿಟ್‌ಗಿಂತ ಒಂದು ಹೆಜ್ಜೆ ಹಿಂದಿನದನ್ನು ಬ್ರಾಂಚಿಗೆ ಮರ್ಜ್ ಮಾಡಿ, ನಿಜವಾದ ಕಾನ್‌ಫ್ಲಿಕ್ಟ್ ಇದ್ದರೆ ಬಿಡಿಸಿ, ಅದೇ ಕಾನ್ಫಿಗ್‌ನಿಂದ ಬ್ಲ್ಯಾಕ್ ಓಡಿಸಿ ಕಮಿಟ್ ಮಾಡಿ. ಆಮೇಲೆ ಫಾರ್ಮ್ಯಾಟ್ ಕಮಿಟನ್ನು ‘ಅವರ್ಸ್’ ಸ್ಟ್ರ್ಯಾಟಜಿಯಲ್ಲಿ (ನಮ್ಮ ಬ್ರಾಂಚಿನ ಕೋಡನ್ನೇ ಉಳಿಸಿಕೊಂಡು) ಮರ್ಜ್ ಮಾಡಿ. ಅಲ್ಲಿಂದಾಚೆ ಮೇನ್ ಎಂದಿನಂತೆ ಸೇರುತ್ತದೆ. ಆ ಕಮಿಟ್ ಶುದ್ಧವಾಗಿರಬೇಕು ಎಂದದ್ದು ಇದಕ್ಕೂ ಸೇರಿಯೇ. ಅದರೊಳಗೆ ಬೇರೇನಾದರೂ ನುಸುಳಿದ್ದರೆ ‘ಅವರ್ಸ್’ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಳೆಯ ರಿಲೀಸ್ ಬ್ರಾಂಚುಗಳಿಗೆ ಇನ್ನೂ ಬ್ಯಾಕ್‌ಪೋರ್ಟ್ (ಹೊಸ ತಿದ್ದುಪಡಿಗಳನ್ನು ಹಳೆಯದಕ್ಕೂ ಒಯ್ಯುವುದು) ನಡೆಯುತ್ತಿದ್ದರೆ ಅವನ್ನೂ ಅದೇ ದಿನ ಫಾರ್ಮ್ಯಾಟ್ ಮಾಡಿ.

ಕೊನೆಗೆ ಕಾವಲು. ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನೇ ಓಡುವ ಪರೀಕ್ಷಾ ವ್ಯವಸ್ಥೆ) ‘ಚೆಕ್’ ಆಯ್ಕೆಯೊಂದಿಗೆ ಬ್ಲ್ಯಾಕ್ ಓಡಿಸಿದರೆ ಫಾರ್ಮ್ಯಾಟ್ ಆಗದ ಫೈಲಿದ್ದಾಗ 1 ಕೊಟ್ಟು ನಿಲ್ಲುತ್ತದೆ. ಫ್ಲೇಕ್8 ಎಂಬ ಲಿಂಟರ್ ಇದ್ದರೆ ಸಾಲಿನ ಮಿತಿ 88ಕ್ಕೆ ಏರಿಸಿ, ಇ203 ನಿಯಮ (ಕೋಲನ್ ಮುಂತಾದವುಗಳ ಹಿಂದೆ ಖಾಲಿ ಜಾಗ ಬೇಡವೆನ್ನುವುದು) ತೆಗೆಯಿರಿ. ಜನರೇಟ್ ಆದ ಫೈಲುಗಳನ್ನು ಹೊರಗಿಡಲು ‘ಎಕ್ಸ್‌ಕ್ಲೂಡ್’ ಸಾಲದು: ಪ್ರಿ-ಕಮಿಟ್ (ಕಮಿಟ್‌ಗೆ ಮುಂಚೆ ಇಂಥ ಪರಿಶೀಲನೆ ಓಡಿಸುವ ಉಪಕರಣ) ಒಂದೊಂದು ಫೈಲಿನ ಹೆಸರನ್ನೂ ನೇರವಾಗಿ ಕೊಡುತ್ತದೆ, ಹಾಗೆ ಕೊಟ್ಟ ಫೈಲಿಗೆ ಆ ಪಟ್ಟಿ ಲೆಕ್ಕಕ್ಕಿಲ್ಲ. ‘ಫೋರ್ಸ್-ಎಕ್ಸ್‌ಕ್ಲೂಡ್’ ಬಳಸಿ. ಸಿಐ, ಪ್ರಿ-ಕಮಿಟ್, ಎಡಿಟರ್ ಮೂರರಲ್ಲೂ ಬ್ಲ್ಯಾಕ್‌ನ ಒಂದೇ ಆವೃತ್ತಿ ಪಿನ್ ಆಗಿರಲಿ (ತಾನಾಗಿ ಬದಲಾಗದಂತೆ ನಿಗದಿಯಾಗಿರಲಿ). ಬ್ಲ್ಯಾಕ್‌ನ ಶೈಲಿ ಬದಲಾಗುವುದು ವರ್ಷದ ಮೊದಲ ಬಿಡುಗಡೆಯಲ್ಲಿ ಮಾತ್ರ. ಹಾಗಾಗಿ ಪಿನ್ ಏರಿಸುವ ಕೆಲಸವನ್ನು ವರ್ಷಕ್ಕೊಮ್ಮೆ ಇಟ್ಟುಕೊಂಡು, ಆ ಕಮಿಟ್‌ನ ಹ್ಯಾಶನ್ನೂ ಬ್ಲೇಮ್‌ಗಾಗಿ ಇಟ್ಟ ಅದೇ ಫೈಲಿಗೆ ಸೇರಿಸಿ.