ಹೊತ್ತು ಮುಳುಗಿದ ಮೇಲೆ ಮಗು ಹೇಗೆ ಓಡಾಡುತ್ತದೆ?

ಕಣ್ಣು ತೋರಿಸಲು ಮಕ್ಕಳನ್ನು ಕರೆತರುವ ತಾಯಂದಿರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಕೆಲವರು ಸ್ವಲ್ಪ ಯೋಚಿಸಿ, "ಸಂಜೆ ಆದ್ಮೇಲೆ ಆಚೆ ಆಡೋಕೇ ಹೋಗಲ್ಲ ಡಾಕ್ಟ್ರೇ, ಹೊಸ್ತಿಲು ಎಡವ್ತಾನೆ, ತಟ್ಟೆ ತಡಕ್ತಾನೆ. ಕತ್ತಲೆ ಅಂದ್ರೆ ಭಯ ಅಂದ್ಕೊಂಡಿದ್ವಿ" ಎನ್ನುತ್ತಾರೆ. ಇದೇ ಹುಡುಗ ಐದು ನಿಮಿಷದ ಹಿಂದೆ ಗೋಡೆಯ ಮೇಲಿನ ಪಟ್ಟಿಯ ಕೊನೆಯ ಸಾಲನ್ನು ಪಟಪಟನೆ ಓದಿರುತ್ತಾನೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಮಂದ ಬೆಳಕಿನಲ್ಲಿ ನೋಡುವುದಕ್ಕೆ ಅಕ್ಷಿಪಟಲದಲ್ಲಿ ಬೇರೆಯೇ ಜೀವಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ತಯಾರಾಗಲು ವಿಟಮಿನ್ ಎ ಬೇಕು. ಅದು ಕಡಿಮೆಯಾದಾಗ ಮೊದಲು ಕೈಕೊಡುವುದು ಸಂಜೆಯ ನೋಟ. ಹಾಗಾಗಿ ಶಾಲೆಯಲ್ಲಿ ಹಗಲು ಹೊತ್ತು ನಡೆಸುವ ತಪಾಸಣೆಯಲ್ಲಿ ಪಾಸಾದ ಮಗುವಿಗೂ ಇರುಳುಗುರುಡು ಇರಬಹುದು. ಅದನ್ನು ಕಂಡುಹಿಡಿಯುವುದು ಮನೆಯವರೇ.

ಇನ್ನೊಂದು ಗುರುತು ಹಗಲಲ್ಲೇ ಕಾಣುತ್ತದೆ. ಮಗುವಿಗೆ ಮೂಗಿನ ಕಡೆ ನೋಡಲು ಹೇಳಿ, ಕಿವಿಯ ಕಡೆಯ ಬಿಳಿಗುಡ್ಡೆ ನೋಡಿ. ಅಲ್ಲಿ ಸೋಪಿನ ನೊರೆ ಒಣಗಿದ ಹಾಗೆ ಬೂದು-ಬಿಳಿ ಮಚ್ಚೆ, ಸಾಮಾನ್ಯವಾಗಿ ಎರಡೂ ಕಣ್ಣಲ್ಲಿ, ಇದ್ದರೆ ಅದು ಬಿಟೋಟ್ ಮಚ್ಚೆ. ಕಣ್ಣೀರಿನ ಹೊಳಪಿಲ್ಲದೆ ಸುತ್ತಲೂ ಒಣಗಿದಂತಿರುತ್ತದೆ. ಒರೆಸಿದರೆ ಹೋಗುತ್ತದೆ, ಕೆಲವೇ ದಿನಕ್ಕೆ ಮತ್ತೆ ಬರುತ್ತದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಚಿಕಿತ್ಸೆಯ ನಂತರವೂ ಮಚ್ಚೆ ಉಳಿಯಬಹುದು. ರಾತ್ರಿ ನೋಟ ಸರಿಹೋಗಿದ್ದರೆ ಅದಕ್ಕಾಗಿ ಮತ್ತೆ ಮತ್ತೆ ಔಷಧಿ ಕುಡಿಸಬೇಡಿ.

ರಾತ್ರಿ ಕಾಣದಿದ್ದರೆಲ್ಲ ವಿಟಮಿನ್ ಕೊರತೆಯೇ ಅಲ್ಲ. ಬರೀ ಕನ್ನಡಕ ಬೇಕಾದ ಮಕ್ಕಳಿಗೂ ಮಂದ ಬೆಳಕಲ್ಲಿ ತೊಂದರೆಯಾಗುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮದುವೆ ಮಾಡುವ ನಮ್ಮ ಕಡೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅನುವಂಶಿಕ ಕಾಯಿಲೆಯೂ ಬರುತ್ತದೆ. ಅದು ವಿಟಮಿನ್ ಕುಡಿಸಿದರೆ ಗುಣವಾಗುವುದಿಲ್ಲ. ಕೊರತೆಯಿಂದ ಆದದ್ದಾದರೆ ಗೊತ್ತಾಗಲು ತಡವಾಗದು: ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಯೂನಿಟ್ ಇವತ್ತು, ನಾಳೆ, ಮತ್ತೆ ಎರಡು ವಾರ ಬಿಟ್ಟು ಕೊಡುತ್ತೇವೆ. ಒಂದೆರಡು ದಿನದಲ್ಲೇ ಸಂಜೆಯ ಓಡಾಟ ಬದಲಾಗುತ್ತದೆ. ಡೋಸ್ ಎಷ್ಟೆಂದು ವೈದ್ಯರೇ ನಿರ್ಧರಿಸಲಿ. ಪುಟ್ಟ ಕೂಸುಗಳಿಗೆ ಅಳತೆಯೇ ಬೇರೆ.

ತಡೆಗಟ್ಟಲು ಸರ್ಕಾರದ ವ್ಯವಸ್ಥೆ ಇದೆ. 9ನೇ ತಿಂಗಳಲ್ಲಿ ದಡಾರದ ಲಸಿಕೆ ಜೊತೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ 2 ಲಕ್ಷದಂತೆ ಇನ್ನೂ ಎಂಟು, ಒಟ್ಟು ಒಂಬತ್ತು ಡೋಸ್. ಮೊದಲ ಎರಡನ್ನು ಚುಚ್ಚುಮದ್ದಿನ ನೆಪದಲ್ಲಾದರೂ ಹಾಕಿಸುತ್ತಾರೆ, ಉಳಿದವು ಮರೆತುಹೋಗುತ್ತವೆ. ತಾಯಿ ಕಾರ್ಡ್ ತೆಗೆದು ಒಮ್ಮೆ ಎಣಿಸಿ ನೋಡಿ.

ಐದು ದಾಟಿದ ಮೇಲೆ? 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಕೊರತೆ ಶೇ. 18 ಇದ್ದರೆ, 5ರಿಂದ 9ರವರಲ್ಲಿ ಶೇ. 22. ಶಾಲೆಗೆ ಹೋಗುವ ಈ ಮಕ್ಕಳಿಗೆ ಚಮಚದ ಔಷಧಿ ಇಲ್ಲ, ತಟ್ಟೆಯಲ್ಲಿ ಇರುವುದೇ ಗತಿ.

ತಟ್ಟೆ ಎಂದ ಕೂಡಲೇ ಎಲ್ಲರೂ ಕ್ಯಾರೆಟ್ ಎನ್ನುತ್ತಾರೆ. ಒಳ್ಳೆಯದೇ, ಆದರೆ ಹಿತ್ತಲಿನ ನುಗ್ಗೆಸೊಪ್ಪು ಸುಮ್ನೆ ಉದುರಿ ಹೋಗುತ್ತಿರುತ್ತದಲ್ವಾ? ನುಗ್ಗೆ, ದಂಟು, ಹರಿವೆ, ಪಾಲಕ್, ಸಿಹಿಗುಂಬಳ, ಪರಂಗಿ, ಮಾವು ಎಲ್ಲದರಲ್ಲೂ ಕ್ಯಾರೊಟಿನ್ ಇದೆ. ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ, ಆದರೆ ಹೀರಿಕೊಳ್ಳಲು ಜಿಡ್ಡು ಬೇಕು. ಒಗ್ಗರಣೆಗೆ ಒಂದು ಚಮಚ ಎಣ್ಣೆ ಹಾಕಲು ಜಿಪುಣತನ ಬೇಡ. ಬಸ್ಸಾರು ಮಾಡುವ ಮನೆಗಳಲ್ಲಿ ಮಕ್ಕಳು ಸಾರು ಕಲಸಿಕೊಂಡು ಪಲ್ಯ ಬದಿಗೆ ತಳ್ಳುತ್ತಾರೆ. ಕ್ಯಾರೊಟಿನ್ ನೀರಿಗೆ ಬಿಡುವುದಿಲ್ಲ, ಹೆಚ್ಚಿನದು ಸೊಪ್ಪಿನಲ್ಲೇ ಉಳಿಯುತ್ತದೆ. ಆ ಪಲ್ಯವೇ ಮಗುವಿನ ಹೊಟ್ಟೆಗೆ ಹೋಗಬೇಕಾದ್ದು. ಮೊಟ್ಟೆ, ಹಾಲು, ತುಪ್ಪ, ಈರುಳ್ಳಿ ಹಾಕಿ ಹುರಿದ ಕುರಿ ಲಿವರ್ ಇವುಗಳಲ್ಲಿ ವಿಟಮಿನ್ ನೇರವಾಗಿಯೇ ಸಿಗುತ್ತದೆ. ಪದೇ ಪದೇ ಭೇದಿ ಆಗುತ್ತಿದ್ದರೆ, ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ತಿಂದದ್ದೂ ಪೂರ್ತಿ ದಕ್ಕದು.

ದಡಾರ ಬಂದ ಮಗುವಿಗೆ ಎರಡು ದಿನ, ದಿನಕ್ಕೊಂದರಂತೆ, ವಿಟಮಿನ್ ಎ ಎರಡು ಡೋಸ್ ಕೊಡಲೇಬೇಕು. ದಡಾರವೋ ಜೋರು ಭೇದಿಯೋ ಆದಮೇಲೆ ಮಗು ಬೆಳಕಿಗೆ ಕಣ್ಣು ಬಿಡದಿದ್ದರೆ, ಕರಿಗುಡ್ಡೆ ಮಂಜಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಗುಡ್ಡೆ ಕರಗಲು ಒಂದೆರಡು ದಿನ ಸಾಕು. ಎದೆಹಾಲು, ಸೊಪ್ಪಿನ ರಸ ಹಿಂಡಿ ಕಣ್ಣಿಗೆ ಬಿಡಬೇಡಿ.

ಗರ್ಭಿಣಿಯರಿಗೂ ಕೊನೆಯ ತಿಂಗಳುಗಳಲ್ಲಿ ರಾತ್ರಿ ಕಾಣದಂತಾಗಬಹುದು. ಆಗ ಮಕ್ಕಳ ಆ ದೊಡ್ಡ ಡೋಸನ್ನು ತೆಗೆದುಕೊಳ್ಳಬಾರದು. ಅತಿಯಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಂಗದೋಷ ಬರಬಹುದು. ದಿನಕ್ಕೆ 10,000 ಯೂನಿಟ್ ಮೀರದಂತೆ ವೈದ್ಯರು ಬರೆದುಕೊಡುತ್ತಾರೆ. ಸೊಪ್ಪು, ತರಕಾರಿಗೆ ಈ ಮಿತಿ ಇಲ್ಲ.