ಆಫ್ರಿಕಾದ ಚರ್ಚು, ಎಚ್‌ಐವಿ ಮತ್ತು ಎರಡು ವಾರಕ್ಕೆ ಬರುವ ಅತಿಥಿಗಳು

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಆಫ್ರಿಕಾದ ಎಷ್ಟೋ ಎಚ್‌ಐವಿ ಕ್ಲಿನಿಕ್‌ಗಳಲ್ಲಿ ಕೆಲಸ ನಿಂತಿತು. ಜೀವ ಉಳಿಸುವ ಔಷಧಿಗೆ ವಿನಾಯಿತಿ ಇದೆ ಅಂತ ಕೆಲವು ದಿನ ಬಿಟ್ಟು ಹೇಳಿದರು. ಅಷ್ಟರಲ್ಲಿ ಸಿಬ್ಬಂದಿಯನ್ನು ಮನೆಗೆ ಕಳಿಸಿ ಆಗಿತ್ತು. ಆಗ ಒಂದು ಹಳೆಯ ವಾದ ಮತ್ತೆ ತಲೆ ಎತ್ತಿತು: ಸರ್ಕಾರದ ದುಡ್ಡೇ ಯಾಕೆ ಬೇಕು? ಊರೂರಿಗೆ ಚರ್ಚು ಇದೆಯಲ್ಲ, ಅವರಿಗೆ ತರಬೇತಿ ಕೊಟ್ಟರೆ ಸಾಕಲ್ವಾ?

ಈ ವಾದ ಹೊಸದೇನೂ ಅಲ್ಲ. ಅಮೆರಿಕದಿಂದಲೂ ಯುರೋಪಿನಿಂದಲೂ ಒಂದೆರಡು ವಾರಕ್ಕೆ ವಿಮಾನ ಹತ್ತಿ ಬಂದು, ಉಗಾಂಡ, ರುವಾಂಡ, ಜಾಂಬಿಯಾದ ಪಾದ್ರಿಗಳಿಗೂ ಚರ್ಚಿನ ಸಭೆಯ ಹೆಂಗಸರಿಗೂ ಎಚ್‌ಐವಿ ಪಾಠ ಹೇಳಿ ವಾಪಸ್ ಹೋದ ತಂಡಗಳಿಗೆ ಲೆಕ್ಕ ಇಲ್ಲ. ಅವರು ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಯಾರು ಯಾರಿಗೆ ಏನು ಕಲಿಸಿದರು ಅಂತ ಹುಡುಕಲು ಹೊರಟರೆ ಕಥೆ ಗೋಜಲಾಗುತ್ತದೆ.

ಮೊದಲ ಇಪ್ಪತ್ತು ವರ್ಷ ಚುಟುಕಾಗಿ ಹೀಗಿದೆ. 1980ರ ದಶಕದ ಮೊದಲಲ್ಲಿ ಉಗಾಂಡದ ರಾಕಾಯ್ ಸೀಮೆಯಲ್ಲಿ, ವಿಕ್ಟೋರಿಯಾ ಸರೋವರದ ದಡದ ಮೀನುಗಾರರ ಹಳ್ಳಿಗಳಲ್ಲಿ, ಜನ ಸೊರಗಿ ಸೊರಗಿ ಸಾಯತೊಡಗಿದರು. ಪಾಪದ ಫಲ ಎಂದು ವೇದಿಕೆಯ ಮೇಲಿಂದ ಬಹಳ ಪಾದ್ರಿಗಳು ಹೇಳಿದರು. ಅದೇ ಹೊತ್ತಿಗೆ ಚರ್ಚುಗಳೇ ನಡೆಸುತ್ತಿದ್ದ ಆಸ್ಪತ್ರೆಗಳ ಮಂಚಗಳು ತುಂಬಿಹೋಗಿದ್ದವು. ಜಾಂಬಿಯಾದ ದಕ್ಷಿಣದಲ್ಲಿ ಚಿಕನ್‌ಕಾಟಾ ಎಂಬಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘಟನೆಯ ಆಸ್ಪತ್ರೆ ಇದೆ. ಮಂಚ ಸಾಲದಾದಾಗ ಅಲ್ಲಿನವರು 1987ರ ಹೊತ್ತಿಗೆ ರೋಗಿಯ ಮನೆಗೇ ಹೋಗಿ ನೋಡಿಕೊಳ್ಳುವ ಪದ್ಧತಿ ಶುರುಮಾಡಿದರು. ಅದೇ ವರ್ಷ ಕಂಪಾಲಾದಲ್ಲಿ ನೋರಿನ್ ಕಲೀಬಾ, ಗಂಡನನ್ನು ಏಡ್ಸ್‌ಗೆ ಕಳೆದುಕೊಂಡ ಮೇಲೆ, ಕೆಲವರನ್ನು ಜೊತೆಗೆ ಸೇರಿಸಿಕೊಂಡು ಸೋಂಕಿತರಿಗೆ ನೆರವಾಗುವ 'ಟಾಸೊ' ಸಂಸ್ಥೆ ಕಟ್ಟಿದರು. 1990ರ ದಶಕದ ಮೊದಲಲ್ಲಿ ಉಗಾಂಡದ ವಯಸ್ಕರಲ್ಲಿ ಸೋಂಕು ಶೇ 15ರ ಆಸುಪಾಸಿನಲ್ಲಿತ್ತು. ಹತ್ತು ವರ್ಷದಲ್ಲಿ ಅದು ಶೇ 6ರ ಹತ್ತಿರಕ್ಕೆ ಇಳಿಯಿತು. ಯಾಕೆ ಇಳಿಯಿತು ಅಂತ ಇವತ್ತಿಗೂ ಜಗಳ ಇದೆ. ಸಂಗಾತಿಗಳ ಸಂಖ್ಯೆ ಕಡಿಮೆಯಾಯಿತು ಅನ್ನುವವರು ಒಂದು ಕಡೆ, ಕಾಂಡೋಮ್ ಅನ್ನುವವರು ಇನ್ನೊಂದು ಕಡೆ. ಸೋಂಕಿದ್ದವರು ಸತ್ತು ಹೋದದ್ದೂ ಲೆಕ್ಕ ಇಳಿಯಲು ಒಂದು ಕಾರಣ ಎಂದು ಹೇಳುವ ದನಿ ಮಾತ್ರ ಸಣ್ಣದು.

ಒಂದು ವಿಷಯ ಇಲ್ಲೇ ಗಮನಿಸಬೇಕು. ಹೊರಗಿನ ತರಬೇತಿ ತಂಡಗಳು ಬರುವ ಮೊದಲೇ ಮನೆಮನೆಗೆ ಹೋಗುವುದು, ಆಪ್ತಸಲಹೆ, ಸೋಂಕಿತರ ಸಂಘಗಳು ಎಲ್ಲವೂ ಅಲ್ಲಿ ಇದ್ದವು. ಅಲ್ಲಿನವರೇ ಕಟ್ಟಿಕೊಂಡಿದ್ದರು.

ಗಿಡಿಯನ್ ಬ್ಯಾಮುಗಿಶಾ ಅವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇವರು ಉಗಾಂಡದ ಆಂಗ್ಲಿಕನ್ ಪಾದ್ರಿ. ಮುಕೋನೊ ಊರಿನ ಬಿಷಪ್ ಟಕರ್ ಕಾಲೇಜಿನಲ್ಲಿ ಮುಂದೆ ಪಾದ್ರಿಗಳಾಗುವವರಿಗೆ ಪಾಠ ಹೇಳುತ್ತಿದ್ದರು. 1991ರಲ್ಲಿ ಹೆಂಡತಿ ತೀರಿಕೊಂಡರು. ಸಾವಿಗೆ ಕಾರಣ ಏಡ್ಸ್ ಎಂದು ಆಮೇಲೆ ತಿಳಿಯಿತು. ಪರೀಕ್ಷೆ ಮಾಡಿಸಿದರೆ ತಮಗೂ ಎಚ್‌ಐವಿ. ಕೆಲಸ ಹೋಗುವುದು ಖಂಡಿತ ಎನ್ನುವ ಪರಿಸ್ಥಿತಿಯಲ್ಲೇ ಕಾಲೇಜಿನವರಿಗೆ ವಿಷಯ ಹೇಳಿದರು. ಕಾಲೇಜು ಅವರನ್ನು ಬಿಡಲಿಲ್ಲ. 1992ರಲ್ಲಿ ಬಹಿರಂಗವಾಗಿಯೇ ಹೇಳಿಕೊಂಡರು. ಆಫ್ರಿಕಾದಲ್ಲಿ ತನಗೆ ಎಚ್‌ಐವಿ ಇದೆ ಎಂದು ಸಾರ್ವಜನಿಕವಾಗಿ ಹೇಳಿದ ಮೊದಲ ಧರ್ಮಗುರು ಇವರೇ. ಮುಂದೆ ಸೋಂಕಿದ್ದ ಇನ್ನೊಬ್ಬರನ್ನು ಮದುವೆಯಾದರು. ಅವರ ಮಕ್ಕಳಿಗೆ ಸೋಂಕಿಲ್ಲ.

ಈ ಒಬ್ಬ ಮನುಷ್ಯ ಎದ್ದು ನಿಂತದ್ದರಿಂದ ಆದ ಕೆಲಸ ಎಷ್ಟು ಕಾರ್ಯಾಗಾರಗಳಿಗೆ ಸಮ ಅಂತ ಅಳೆಯಲು ಬರುವುದಿಲ್ಲ. ಅಷ್ಟರವರೆಗೆ ರೋಗ ಅನ್ನುವುದು ಸಭೆಯ ಹಿಂದಿನ ಬೆಂಚಿನಲ್ಲಿ ಕೂತವರದ್ದಾಗಿತ್ತು. ಈಗ ಅದು ವೇದಿಕೆಯ ಮೇಲೆ ನಿಂತು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುತ್ತಿತ್ತು. 2003ರಲ್ಲಿ ಅವರು ದಕ್ಷಿಣ ಆಫ್ರಿಕಾದ ಇನ್ನೊಬ್ಬ ಸೋಂಕಿತ ಪಾದ್ರಿ ಜೇಪ್ ಹೀತ್ ಮುಂತಾದವರೊಂದಿಗೆ ಸೇರಿ 'ಅನೆರೆಲಾ ಪ್ಲಸ್' ಎಂಬ ಬಳಗ ಕಟ್ಟಿದರು. ಎಚ್‌ಐವಿ ಇರುವ ಅಥವಾ ಮನೆಯವರಿಗೆ ಇರುವ ಧರ್ಮಗುರುಗಳ ಬಳಗ ಅದು. ಮುಸ್ಲಿಂ ಧರ್ಮಗುರುಗಳೂ ಅದರಲ್ಲಿ ಸೇರಿದರು.

ಇನ್ನು ಅತಿಥಿಗಳ ಕಡೆ ಬರೋಣ. ಮೊದಲೆಲ್ಲ ಮಿಷನರಿ ಅಂದರೆ ಬಂದ ಊರಲ್ಲೇ ಭಾಷೆ ಕಲಿತು, ಅಲ್ಲೇ ಮುದುಕರಾಗುವವರು. ಕಿಟೆಲ್‌ರನ್ನು ನೆನೆಯುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೇ ಮಹಾಯುದ್ಧದ ನಂತರ ವಿಮಾನ ಪ್ರಯಾಣ ಅಗ್ಗವಾಗುತ್ತಾ ಬಂತು. 1957ರಲ್ಲಿ 'ಆಪರೇಷನ್ ಮೊಬಿಲೈಸೇಶನ್', 1960ರಲ್ಲಿ 'ಯೂತ್ ವಿತ್ ಎ ಮಿಷನ್' ಎಂಬ ಮಿಷನ್ ಸಂಸ್ಥೆಗಳು ಹುಟ್ಟಿದವು. ಬೇಸಿಗೆ ರಜೆಯಲ್ಲಿ ಹೋಗಿ ಬರುವ ಮಿಷನ್ ಒಂದು ರೂಢಿಯಾಯಿತು. 2005ರ ಹೊತ್ತಿಗೆ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ ವಯಸ್ಕರು ಹೀಗೆ ಹೊರದೇಶಕ್ಕೆ ಹೋಗಿಬರುತ್ತಿದ್ದರು ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅಂದಾಜು ಮಾಡಿದ್ದರು. ಶಾಲೆಗೆ ಬಣ್ಣ ಹೊಡೆಯುವುದು, ಗೋಡೆ ಕಟ್ಟುವುದು, ಮಕ್ಕಳಿಗೆ ಹಾಡು ಹೇಳಿಕೊಡುವುದು ಇವರ ಮಾಮೂಲು ಕೆಲಸ.

ಎಚ್‌ಐವಿ ಈ ಪಟ್ಟಿಗೆ ಸೇರಿದ್ದು ತಡವಾಗಿ. ಅಮೆರಿಕದ ಬಹಳ ಸಭೆಗಳಿಗೆ ಅದು ತಮಗೆ ಸಂಬಂಧಪಡದ ರೋಗ ಆಗಿತ್ತು. 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಬೃಹತ್ ಚರ್ಚಿನ ಪಾದ್ರಿಯ ಹೆಂಡತಿ ಕೇ ವಾರೆನ್, ಆಫ್ರಿಕಾದ ಏಡ್ಸ್ ಅನಾಥರ ಬಗ್ಗೆ ಪತ್ರಿಕೆಯಲ್ಲಿ ಓದಿ ತಳಮಳಗೊಂಡರು. ಅಲ್ಲಿಂದ ಆ ಚರ್ಚಿನ ದಿಕ್ಕೇ ಬದಲಾಯಿತು. ಮುಂದಿನ ವರ್ಷ ಅಧ್ಯಕ್ಷ ಜಾರ್ಜ್ ಬುಷ್ ಐದು ವರ್ಷಕ್ಕೆ 1,500 ಕೋಟಿ ಡಾಲರ್‌ನ, ಹೊರದೇಶಗಳಲ್ಲಿ ಏಡ್ಸ್ ಎದುರಿಸುವ 'ಪೆಪ್ಫಾರ್' ಯೋಜನೆ ಘೋಷಿಸಿದರು. ಒಂದೇ ರೋಗಕ್ಕೆ ಒಂದು ದೇಶ ಅಷ್ಟು ದುಡ್ಡು ತೆಗೆದಿಟ್ಟದ್ದು ಅದೇ ಮೊದಲು. ಆ ಯೋಜನೆಯ ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಸೋಂಕು ತಡೆಗೆ ಇಟ್ಟ ಹಣದಲ್ಲಿ ಮೂರನೇ ಒಂದು ಭಾಗ 'ಮದುವೆವರೆಗೆ ಸಂಯಮ' ಬೋಧಿಸುವ ಕಾರ್ಯಕ್ರಮಗಳಿಗೇ ಹೋಗಬೇಕು.

ಹೀಗೆ ಶಿಬಿರಗಳ ಸುಗ್ಗಿ ಶುರುವಾಯಿತು.

ಒಂದು ಮಾದರಿ ಶಿಬಿರ ಹೀಗಿರುತ್ತಿತ್ತು. ಮೂರು ದಿನ. ಬೆಳಿಗ್ಗೆ ಹಾಡು, ಪ್ರಾರ್ಥನೆ, ಅತಿಥಿಗಳ ಪರಿಚಯ. ತಗಡಿನ ಚಾವಣಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ದೊಡ್ಡ ಹಾಳೆಗಳ ಸ್ಟ್ಯಾಂಡು. ಅತಿಥಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ ಸ್ಥಳೀಯ ಪಾದ್ರಿ ಅದನ್ನು ಉಗಾಂಡದ ಲುಗಾಂಡಾ ಭಾಷೆಗೆ ತಿರುಗಿಸುತ್ತಾನೆ. ಹಾಗಾಗಿ ಆರು ಗಂಟೆಯ ಪಾಠದಲ್ಲಿ ಸಿಗುವುದು ಮೂರು ಗಂಟೆ. ವೈರಸ್ ಅಂದರೇನು, ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ. ಮಧ್ಯಾಹ್ನ ಕೋಳಿ, ಅನ್ನ, ಬೇಯಿಸಿದ ಬಾಳೆಕಾಯಿ. ಕೊನೆಯ ದಿನ ಪ್ರಮಾಣಪತ್ರ, ಗುಂಪು ಫೋಟೊ. ಬಂದವರಿಗೆ ಪ್ರಯಾಣ ಭತ್ಯೆ. ಈ ಭತ್ಯೆಯ ಸಂಗತಿಯನ್ನು ವರದಿಗಳು ಜಾಸ್ತಿ ಬರೆಯುವುದಿಲ್ಲ. ಸಂಬಳವೇ ಸರಿಯಾಗಿ ಸಿಗದ ಹಳ್ಳಿ ಪಾದ್ರಿಗೆ ಅದು ಸಣ್ಣ ಮೊತ್ತ ಅಲ್ಲ. ಆದ್ದರಿಂದ ಒಂದೇ ಪಾಠವನ್ನು ಬೇರೆ ಬೇರೆ ತಂಡದಿಂದ ಮತ್ತೆ ಮತ್ತೆ ಕೇಳಿದವರೂ ಇದ್ದರು. ಅವರನ್ನು ದೂರಿ ಏನು ಪ್ರಯೋಜನ?

ನಿಜವಾದ ಶಿಬಿರ ನಡೆಯುತ್ತಿದ್ದದ್ದು ಹೆಸರು ಬರೆಯದ ಪ್ರಶ್ನೆ ಚೀಟಿಗಳಲ್ಲಿ. ಪ್ರಭುಭೋಜನದ ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿದರೆ ಬರುತ್ತದೆಯೇ? ಬರುವುದಿಲ್ಲ, ಉತ್ತರ ಸುಲಭ. ಮದುವೆಗೆ ಮುಂಚೆ ಎಚ್‌ಐವಿ ಪರೀಕ್ಷೆಯ ಚೀಟಿ ತಂದು ತೋರಿಸಿ ಎಂದು ಚರ್ಚು ಕೇಳಬಹುದೇ? ಇದು ಕಷ್ಟ. ಹಲವು ದೇಶಗಳ ಚರ್ಚುಗಳು ಹಾಗೆ ಕೇಳುತ್ತಿದ್ದವು. ಮದುವೆ ಇದ್ದಕ್ಕಿದ್ದಂತೆ ರದ್ದಾದರೆ ಊರಿಗೆಲ್ಲ ಕಾರಣ ಗೊತ್ತಾಗುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದು ಮದುವೆಯಾದ ಹೆಂಗಸರ ಪ್ರಶ್ನೆ: ನಾನು ಮದುವೆವರೆಗೆ ಸಂಯಮದಿಂದಿದ್ದೆ, ಆಮೇಲೂ ನಿಷ್ಠೆಯಿಂದಿದ್ದೆ. ಗಂಡ ಹಾಗಿರಲಿಲ್ಲ. ಈಗ ನಾನೇನು ಮಾಡಲಿ? ಸಂಯಮ, ನಿಷ್ಠೆ, ಆಗದಿದ್ದರೆ ಕಾಂಡೋಮ್ ಎಂಬ ಮೂರು ಮೆಟ್ಟಿಲ ಸೂತ್ರದಲ್ಲಿ ಇವಳಿಗೆ ಜಾಗವೇ ಇರಲಿಲ್ಲ. ಕಾಂಡೋಮ್ ಬೇಕೆಂದು ಗಂಡನಿಗೆ ಹೇಳುವ ಧೈರ್ಯ ಮೂರು ದಿನದ ಪಾಠದಿಂದ ಬರುವಂಥದ್ದೂ ಅಲ್ಲ. ಅತಿಥಿಗೆ ಶನಿವಾರದ ವಿಮಾನ. ಚೀಟಿ ಬರೆದವಳು ಸಂಜೆಗೆ ಅದೇ ಮನೆಗೆ ಹೋಗಬೇಕು.

ಈ ಕೊರತೆಯನ್ನು ಮೊದಲು ಕಂಡವರು ಅಲ್ಲಿನವರೇ. ಬ್ಯಾಮುಗಿಶಾ ಅವರ ಬಳಗ ಮೂರು ಮೆಟ್ಟಿಲ ಬದಲಿಗೆ ಬೇರೆ ಸೂತ್ರ ಮುಂದಿಟ್ಟಿತು: ಸುರಕ್ಷಿತ ನಡವಳಿಕೆ, ಔಷಧಿ, ಸ್ವಇಚ್ಛೆಯ ಪರೀಕ್ಷೆ, ತಿಳಿವಳಿಕೆಯಿಂದ ಬರುವ ಬಲ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎನ್ನುವ ವಿಂಗಡಣೆ ಇದರಲ್ಲಿಲ್ಲ. 2002ರಲ್ಲಿ ಚರ್ಚುಗಳ ವಿಶ್ವ ಮಂಡಳಿ ಆಫ್ರಿಕಾಕ್ಕೆಂದೇ ಎಚ್‌ಐವಿ ಕಾರ್ಯಕ್ರಮ ಶುರುಮಾಡಿತು. ಬೋಟ್ಸ್ವಾನಾದ ಮೂಸಾ ಡೂಬೆ ಅವರಂಥ ವಿದ್ವಾಂಸೆಯರು ಪಾದ್ರಿಗಳ ಕಾಲೇಜಿನ ಪಠ್ಯಕ್ಕೇ ಎಚ್‌ಐವಿಯನ್ನು ಸೇರಿಸಲು ದುಡಿದರು. ಮೂರು ದಿನದ ಶಿಬಿರಕ್ಕೂ ಮೂರು ವರ್ಷದ ಪಠ್ಯಕ್ಕೂ ಇರುವ ಅಂತರ ದೊಡ್ಡದು.

ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ಉಜಾಮಾ ಕೇಂದ್ರದವರು ಇನ್ನೊಂದು ದಾರಿ ಹಿಡಿದರು. ಎಚ್‌ಐವಿ ಇರುವವರ ಗುಂಪಿನಲ್ಲಿ ಕೂತು ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ನರಳುವ ಬೈಬಲ್ಲಿನ ಯೋಬನ ಕಥೆ ಓದಿದರು. ಶವಸಂಸ್ಕಾರದಲ್ಲಿ ಸಾಮಾನ್ಯವಾಗಿ ಓದುವುದು ಮೊದಲ ಅಧ್ಯಾಯದ ಮಾತು, ಕೊಟ್ಟವನೇ ತೆಗೆದುಕೊಂಡ ಎನ್ನುವುದು. ಇವರು ಓದಿಸಿದ್ದು ಮೂರನೇ ಅಧ್ಯಾಯ. ಅಲ್ಲಿ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಪಾಠ ಹೇಳುವವರು ಯಾರೂ ಇಲ್ಲ, ಪ್ರಶ್ನೆ ಕೇಳುವವರು ಮಾತ್ರ. ಇದನ್ನು ವರದಿಯಲ್ಲಿ 'ಇಷ್ಟು ಜನರಿಗೆ ತರಬೇತಿ' ಅಂತ ಬರೆಯುವುದು ಕಷ್ಟ. ದುಡ್ಡು ಕೊಡುವವರಿಗೆ ಬೇಕಾದದ್ದು ಆ ಲೆಕ್ಕವೇ.

ರುವಾಂಡದ ಪ್ರಯೋಗ ಇವೆಲ್ಲಕ್ಕಿಂತ ದೊಡ್ಡದು. 2005ರಿಂದ ಸ್ಯಾಡಲ್‌ಬ್ಯಾಕ್ ಸದಸ್ಯರು ತಂಡತಂಡವಾಗಿ ಅಲ್ಲಿಗೆ ಹೋದರು. ಪಶ್ಚಿಮದ ಕಿಬುಯೆ ಸೀಮೆಯಲ್ಲಿ ಆಸ್ಪತ್ರೆ ಬೆರಳೆಣಿಕೆಯಷ್ಟು, ಚರ್ಚು ನೂರಾರು. ಆ ನಕ್ಷೆಯನ್ನು ತೋರಿಸಿ, ಆರೋಗ್ಯ ಸೇವೆಗೆ ಚರ್ಚೇ ಹಂಚಿಕೆಯ ಜಾಲ ಆಗಬಹುದಲ್ಲ ಎಂದು ವಾದಿಸಿದರು. ರೋಗಿಯ ಆರೈಕೆ, ಪರೀಕ್ಷೆ, ಸ್ವಯಂಸೇವಕರ ಪಡೆ, ಕಳಂಕ ತೊಡೆಯುವುದು, ಒಳ್ಳೆಯ ನಡವಳಿಕೆ, ಮಾತ್ರೆ ತೆಗೆದುಕೊಳ್ಳಲು ನೆರವು. ಒಂದು ಚರ್ಚು ಮಾಡಬಹುದಾದ ಈ ಆರು ಕೆಲಸ ಅವರ ಪಾಠ. ವಾದದಲ್ಲಿ ತಿರುಳಿತ್ತು. ಬಂದವರು ಹೋದರೂ ಸ್ಥಳೀಯ ಸ್ವಯಂಸೇವಕರು ಮನೆಭೇಟಿ ನಡೆಸಿದರು. ಆದರೆ ರುವಾಂಡದಲ್ಲಿ ಇನ್ನೆರಡು ಸಂಗತಿ ಇದ್ದವು: ಹಳ್ಳಿಹಳ್ಳಿಗೆ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿದ್ದ ಸರ್ಕಾರ, ಬಹುತೇಕ ಎಲ್ಲರನ್ನೂ ಮುಟ್ಟಿದ ಆರೋಗ್ಯ ವಿಮೆ. ಅವೆರಡೂ ಇಲ್ಲದ ಕಡೆ ಅದೇ ಪಾಠ ಅಷ್ಟು ಫಲ ಕೊಡುತ್ತಿತ್ತೇ ಎನ್ನುವುದು ನನ್ನ ಅನುಮಾನ.

ಇಷ್ಟರ ಮಧ್ಯೆ ಆಟವನ್ನೇ ಬದಲಿಸಿದ್ದು ಮಾತ್ರೆ. ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರ್ ಮೀರುತ್ತಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆಂದು 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಹೇಳಿದರು. ಆಗಿನ ಲೆಕ್ಕದಲ್ಲಿ ಸುಮಾರು 16 ಸಾವಿರ ರೂಪಾಯಿ. ಮುಂದೆ ಹೈದರಾಬಾದಿನ ಕಂಪನಿಗಳು, ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಈ ಔಷಧಿ ತಯಾರಿಸಿದವು. ಪೆಪ್ಫಾರ್ ದುಡ್ಡಿನಲ್ಲಿ ಆಫ್ರಿಕಾ ತಲುಪಿದ ಮಾತ್ರೆಗಳಲ್ಲಿ ದೊಡ್ಡ ಪಾಲು ಭಾರತದ್ದೇ. ಮಾತ್ರೆ ಬರುವ ಮುಂಚೆ ಸಭೆಯ ಹೆಂಗಸರು ಕಲಿತದ್ದು ಸಾಯುವವರನ್ನು ತೊಳೆದು, ತಿನ್ನಿಸಿ, ಜೊತೆಗಿರುವುದನ್ನು. ಬಂದ ಮೇಲೆ ಕೆಲಸವೇ ಬೇರೆ: ದಿನಾ ತಪ್ಪದೆ ನುಂಗಿಸುವುದು, ಕ್ಲಿನಿಕ್ಕಿಗೆ ಹೋಗಲು ಬಸ್ ಚಾರ್ಜು ಹೊಂದಿಸುವುದು, ತಪ್ಪಿಸಿಕೊಂಡವರನ್ನು ಹುಡುಕುವುದು. ಬಹಳ ಶಿಬಿರಗಳ ಹಾಳೆಗಳು ಮಾತ್ರ ಹಳೆಯವೇ ಆಗಿದ್ದವು.

ಪ್ರಾರ್ಥನೆಯಿಂದ ವಾಸಿಯಾಗಿದೆ, ಮಾತ್ರೆ ಬಿಡಿ ಎಂದು ಹೇಳುವ ಬೋಧಕರ ಕಾಟ ಬೇರೆ. 2011ರಲ್ಲಿ ತಾಂಜಾನಿಯಾದ ಲೋಲಿಯೊಂಡೊ ಸೀಮೆಯ ಸಮುಂಗೆ ಹಳ್ಳಿಯಲ್ಲಿ ಅಂಬಿಲಿಕಿಲೆ ಮ್ವಾಸಪಿಲಾ ಎಂಬ ನಿವೃತ್ತ ಲೂಥರನ್ ಪಾದ್ರಿ, ದೇವರು ಕನಸಲ್ಲಿ ಹೇಳಿಕೊಟ್ಟ ಔಷಧಿ ಅಂತ ಒಂದು ಬೇರಿನ ಕಷಾಯ ಕೊಡತೊಡಗಿದರು. ಒಂದು ಲೋಟ, 500 ಶಿಲ್ಲಿಂಗ್. ವಾಹನಗಳು ಕಿಲೋಮೀಟರುಗಟ್ಟಲೆ ಸಾಲು ನಿಂತವು. ಸಾಲಿನಲ್ಲೇ ಜನ ಸತ್ತರು. ಎಚ್‌ಐವಿ ಮಾತ್ರೆ ಬಿಟ್ಟು ಬಂದವರೂ ಅಲ್ಲಿದ್ದರು. ಕಷಾಯದ ಗಿಡ, ನಮ್ಮ ಕವಳೆ ಹಣ್ಣಿನ ಜಾತಿಗೇ ಸೇರಿದ ಮುಳ್ಳುಪೊದೆ.

ಸಂಯಮ ಬೋಧನೆಯ ಫಲ ಏನಾಯಿತು? 22 ಆಫ್ರಿಕನ್ ದೇಶಗಳ ಅಂಕಿಅಂಶ ನೋಡಿದ ಸ್ಟ್ಯಾನ್‌ಫರ್ಡ್ ಸಂಶೋಧಕರು 2016ರಲ್ಲಿ ಉತ್ತರ ಕೊಟ್ಟರು. ಸಂಯಮ ಮತ್ತು ನಿಷ್ಠೆಯ ಪ್ರಚಾರಕ್ಕೆ ಪೆಪ್ಫಾರ್ 140 ಕೋಟಿ ಡಾಲರ್ ಮೀರಿ ಖರ್ಚು ಮಾಡಿತ್ತು. ಜನರ ನಡವಳಿಕೆಯಲ್ಲಿ ಅದರಿಂದ ಆದ ಬದಲಾವಣೆ ಕಾಣಲಿಲ್ಲ. ಷರತ್ತನ್ನು ಅದಕ್ಕೂ ಮುಂಚೆ, 2008ರಲ್ಲೇ ಸಡಿಲಿಸಲಾಗಿತ್ತು. ಅದೇ ಯೋಜನೆಯ ಔಷಧಿ, ಪರೀಕ್ಷೆಯ ಭಾಗ ಸುಮಾರು 2.5 ಕೋಟಿ ಜೀವ ಉಳಿಸಿತು ಎಂಬುದು ಅಮೆರಿಕ ಸರ್ಕಾರವೇ ಕೊಟ್ಟ ಲೆಕ್ಕ.

ರೋಗ ಹತೋಟಿಗೆ ಬರುತ್ತಿದ್ದಂತೆ ಅತಿಥಿಗಳ ಗಮನ ಕುಡಿಯುವ ನೀರು, ಮಾನವ ಸಾಗಣೆ ಮುಂತಾದ ಕಡೆ ಹೊರಳಿತು. 2020ರಲ್ಲಿ ಕೋವಿಡ್ ಬಂದು ಪ್ರಯಾಣವೇ ನಿಂತಿತು. ಹಾಗಂತ ಸ್ವಲ್ಪ ದಿನಕ್ಕೆ ಬರುವುದೇ ತಪ್ಪು ಅಂತಲ್ಲ. ಚಿಕನ್‌ಕಾಟಾದಲ್ಲಿ ಕೆಲಸ ಮಾಡಿದವರ ಅನುಭವದಿಂದ ಬೆಳೆದ ಒಂದು ಪದ್ಧತಿಯಲ್ಲಿ ತಂಡಗಳು ಕೆಲವೇ ದಿನಕ್ಕೆ ಬರುತ್ತವೆ. ಆದರೆ ಪಾಠ ಹೇಳುವುದಿಲ್ಲ. ಮನೆಗಳಿಗೆ ಹೋಗಿ ಕೂರುತ್ತವೆ, ಇಲ್ಲಿ ನೀವು ಏನು ಮಾಡಿ ನಿಭಾಯಿಸಿದಿರಿ ಎಂದು ಕೇಳುತ್ತವೆ, ಅದನ್ನು ಪಕ್ಕದೂರಿಗೆ ದಾಟಿಸುತ್ತವೆ. ಜಾಂಬಿಯಾದಲ್ಲಿ ಚರ್ಚುಗಳ ಆರೋಗ್ಯ ಸಂಘ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್‌ನ ಹಣವನ್ನು ತಾನೇ ನಿರ್ವಹಿಸಿ, ದೇಶದ ಮೂಲೆಮೂಲೆಗೆ ಔಷಧಿ ಮುಟ್ಟಿಸಿದೆ.

'ಚರ್ಚುಗಳಿವೆಯಲ್ಲ' ಎಂಬ ವಾದಕ್ಕೆ ಈಗ ಎದುರಾಗಿರುವ ಲೆಕ್ಕ ಇದು. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸೋಂಕು ತಡೆಯುವ ಲೆನಾಕಾಪವಿರ್ ಔಷಧಿಗೆ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಡ ದೇಶಗಳಿಗೆ ಅದನ್ನು 2027ರಿಂದ ವರ್ಷಕ್ಕೆ 40 ಡಾಲರಿಗೆ ಕೊಡುವುದಾಗಿ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳ ಜೊತೆ ಒಪ್ಪಂದವಾಗಿದೆ. ಆರು ತಿಂಗಳಾದ ಕೂಡಲೇ ಮನೆ ಬಾಗಿಲಿಗೆ ಹೋಗಿ ನೆನಪಿಸಲು ಸಭೆಯ ಹೆಂಗಸರು ಹಳ್ಳಿಗಳಲ್ಲಿ ಇದ್ದಾರೆ. ಚುಚ್ಚುವ ನರ್ಸಿನ ಸಂಬಳ ಯಾರು ಕೊಡುತ್ತಾರೆ ಅನ್ನುವುದು ಬಹಳ ಕಡೆ ಇನ್ನೂ ತೀರ್ಮಾನವಾಗಿಲ್ಲ.