ಐರನ್ ಬದಲಿಸಬೇಕಾ? ಮೊದಲು ಪೌಡರ್ ಹಚ್ಚಿ ನೋಡಿ

ಗಾಲ್ಫ್ ಶುರು ಮಾಡಿ ಆರೇಳು ತಿಂಗಳಾದವರಿಗೆ ಒಂದು ಅನುಮಾನ ಗ್ಯಾರಂಟಿ ಬರುತ್ತದೆ. ಚೆಂಡು ನೆಟ್ಟಗೆ ಹೋಗುತ್ತಿಲ್ಲ, ನನ್ನದು ಅಗ್ಗದ ಐರನ್ ಸೆಟ್ ಅಲ್ವಾ, ಅದಕ್ಕೇ ಇರಬೇಕು! (ಐರನ್ ಅಂದರೆ ಉಕ್ಕಿನ ತಲೆಯ ಗಾಲ್ಫ್ ಕೋಲು.) ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಮಿಲ್ಲಿಂಗ್, ಎರಕ ಎಲ್ಲ ಅರೆದು ಕುಡಿದ ನಮ್ಮ ಹುಡುಗರೂ ಹೀಗೇ ಹೇಳುತ್ತಾರೆ. ಹಗಲೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಅಳೆಯುವವರು, ಗಾಲ್ಫ್ ಅಂಗಡಿಗೆ ಕಾಲಿಟ್ಟ ಕೂಡಲೇ ಬೆಲೆ ನೋಡಿ ಗುಣ ಅಳೆಯುತ್ತಾರೆ. "ಅಣ್ಣಾ, ಎರಕದ್ದು ಬಿಟ್ಟು ಫೋರ್ಜ್ಡ್ ತಗೊಂಡುಬಿಡ್ಲಾ?" ಅಂತ ಟೂಲ್ ರೂಮಿನ ಹುಡುಗನೊಬ್ಬ ಕೇಳಿದ. ಫೋರ್ಜ್ಡ್ ಅಂದರೆ ಉಕ್ಕನ್ನು ಬಡಿದು ಮಾಡಿದ್ದು. ಸದ್ಯಕ್ಕೆ ಬೇಡಪ್ಪಾ ಅಂದೆ. ಯಾಕೆ ಬೇಡ ಅಂತ ಹೇಳಲು ಸ್ವಲ್ಪ ಲೆಕ್ಕ ಬೇಕು. ಅದೇ ಈ ಲೇಖನ.

ಚೆಂಡು ಮತ್ತು ಕ್ಲಬ್ ಒಂದಕ್ಕೊಂದು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್, ಅಷ್ಟೇ. ನಿಯಮದ ಪ್ರಕಾರ ಚೆಂಡಿನ ತೂಕ 45.93 ಗ್ರಾಂ ಮೀರಬಾರದು. ಏಳನೇ ನಂಬರ್ ಐರನ್ನಿನ ತಲೆ ಸುಮಾರು 270 ಗ್ರಾಂ ಇರುತ್ತದೆ. ಚೆಂಡು ಫೇಸಿನ (ಚೆಂಡಿಗೆ ತಾಗುವ ಮುಖದ) ನಡುವಿಗೆ, ಅಂದರೆ ತಲೆಯ ತೂಕದ ಕೇಂದ್ರದ ನೇರಕ್ಕೆ ತಾಗಿದರೆ ಆ 270 ಗ್ರಾಂ ಪೂರ್ತಿ ಚೆಂಡಿನ ಹಿಂದೆ ನಿಲ್ಲುತ್ತದೆ. ಪಕ್ಕಕ್ಕೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ. ಕೈಯಲ್ಲಿ ಎಷ್ಟೇ ಬಿಗಿಯಾಗಿ ಹಿಡಿದರೂ ಪ್ರಯೋಜನವಿಲ್ಲ. ಕೈಯ ಬಿಗಿ ಶಾಫ್ಟ್ (ಕೋಲಿನ ದಂಡ) ಮೂಲಕ ತಲೆಗೆ ತಲುಪುವ ಹೊತ್ತಿಗೆ ಚೆಂಡು ಹೊರಟೇ ಹೋಗಿರುತ್ತದೆ. ಆ ಅರ್ಧ ಮಿಲಿಸೆಕೆಂಡಿನಲ್ಲಿ ತಲೆ ಒಂಟಿ. ಅದನ್ನು ಕಾಯುವುದು ಅದರ ತೂಕ, ಆ ತೂಕ ಎಲ್ಲೆಲ್ಲಿ ಹಂಚಿಕೊಂಡಿದೆ ಅನ್ನುವುದು, ಇವೆರಡೇ.

ಎಲ್ಲೆಲ್ಲಿ ಅನ್ನುವುದೇ ಇಲ್ಲಿ ಮಜಾ. ತೈಪೂಸಕ್ಕೆ ಕಾವಡಿ ಹೊತ್ತವರನ್ನು ನೋಡಿದ್ದೀರಲ್ಲ. ಕೋಲಿನ ಎರಡು ತುದಿಗೆ ಎರಡು ತುಂಬಿದ ಕೊಡ ಕಟ್ಟಿದೆ ಅಂದುಕೊಳ್ಳಿ. ಹೊತ್ತವರು ಸರಕ್ಕನೆ ತಿರುಗಲು ಹೋದರೆ ಕಾವಡಿ ತಿರುಗಲು ಒಪ್ಪುವುದಿಲ್ಲ. ಅವೇ ಕೊಡಗಳನ್ನು ಹೆಗಲ ಹತ್ತಿರಕ್ಕೆ ಸರಿಸಿ ಕಟ್ಟಿ. ತೂಕ ಅಷ್ಟೇ ಇದೆ, ಆದರೆ ಈಗ ಸುಲಭವಾಗಿ ತಿರುಗುತ್ತದೆ. ದೂರ ಅರ್ಧವಾದರೆ ತಿರುಗದಿರುವ ಹಟ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಹಟ ನಾಲ್ಕು ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಏರುವ ಈ ಹಟಕ್ಕೆ ಭೌತವಿಜ್ಞಾನದಲ್ಲಿ ಜಡತ್ವದ ಮಹತ್ವ ಅನ್ನುತ್ತಾರೆ. ಹೆಸರು ಭಾರ ಅನಿಸಿದರೆ ಬಿಡಿ, ವರ್ಗ ಅನ್ನುವುದನ್ನು ಮಾತ್ರ ಬಿಡಬೇಡಿ. ಒಂದು ಗ್ರಾಂ ಉಕ್ಕನ್ನು ತಲೆಯ ನಡುವಿನಿಂದ 1 ಸೆಂಟಿಮೀಟರ್ ದೂರ ಇಟ್ಟರೆ ಒಂದು ಪಾಲು ಹಟ ಬರುತ್ತದೆ. 3 ಸೆಂಟಿಮೀಟರ್ ದೂರ ಇಟ್ಟರೆ ಒಂಬತ್ತು ಪಾಲು. ಉಕ್ಕು ಅದೇ, ಖರ್ಚೂ ಅಷ್ಟೇ.

ಇದನ್ನು ಗಾಲ್ಫ್‌ಗೆ ತಂದು ಗೆದ್ದವರು ಕಾರ್ಸ್ಟನ್ ಸೋಲ್‌ಹೈಮ್. ಹುಟ್ಟಿದ್ದು 1911ರಲ್ಲಿ, ನಾರ್ವೆಯ ಬರ್ಗೆನ್‌ನಲ್ಲಿ. ಬೆಳೆದದ್ದು ಅಮೆರಿಕದಲ್ಲಿ. ಮೊದಲು ಚಪ್ಪಲಿ ಹೊಲಿಯುವ ಕೆಲಸ, ಆಮೇಲೆ ಎಂಜಿನಿಯರ್. ಗಾಲ್ಫ್ ಕೋಲು ಹಿಡಿದಾಗ ನಲವತ್ತು ದಾಟಿತ್ತು. ಪಟ್ಟಿಂಗ್, ಅಂದರೆ ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವುದು, ಸರಿಯಾಗಿ ಬರಲಿಲ್ಲ. ಎಲ್ಲರಂತೆ ಅಂಗಡಿಗೆ ಓಡದೆ, ತೂಕವನ್ನೆಲ್ಲ ಎರಡು ತುದಿಗೆ ತಳ್ಳಿದ ಪಟರ್ (ಅದಕ್ಕೆ ಬಳಸುವ ಕೋಲು) ಒಂದನ್ನು ತಾನೇ ಮಾಡಿಕೊಂಡರು. ಅದು 1959. ಚೆಂಡಿಗೆ ತಾಗಿದಾಗ 'ಪಿಂಗ್' ಅಂತ ಸದ್ದು ಬಂತು, ಅದೇ ಹೆಸರಾಯಿತು. ಅದೇ ಉಪಾಯವನ್ನು ಮುಂದೆ ಐರನ್‌ಗಳಿಗೂ ತಂದರು. ತಲೆಯ ಬೆನ್ನನ್ನು ಕೊರೆದು ಹಳ್ಳ ಮಾಡಿ, ಅಲ್ಲಿ ಉಳಿದ ಉಕ್ಕನ್ನು ಅಂಚಿಗೆ ಹಾಕಿದರು. ಇವತ್ತು ಎಲ್ಲರೂ ಕ್ಯಾವಿಟಿ ಬ್ಯಾಕ್ ಅನ್ನುವುದು ಇದಕ್ಕೇ. 1982ರಲ್ಲಿ ಬಂದ ಅವರ ಐ-2 ಐರನ್ ಇಡೀ ಆಟದ ರೂಪವನ್ನೇ ಬದಲಿಸಿತು.

ಅಂಥ ಹಳ್ಳದ ಬೆನ್ನನ್ನು ಬಡಿದು ಮಾಡುವುದು ಕಷ್ಟ, ಎರಕದಲ್ಲಿ ಸುಲಭ. ಮೊದಲು ಮೇಣದಲ್ಲಿ ಅದೇ ಆಕಾರ ಮಾಡಿ, ಸುತ್ತ ಪಿಂಗಾಣಿಯ ಲೇಪ ಕೊಟ್ಟು, ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಉಕ್ಕು ಸುರಿಯುತ್ತಾರೆ. ಚೋಳರ ಕಾಲದ ನಟರಾಜ ಬಂದದ್ದೂ ಮೇಣದ ಅಚ್ಚಿನಿಂದಲೇ. ತಂಜಾವೂರು ಜಿಲ್ಲೆಯ ಸ್ವಾಮಿಮಲೈಯಲ್ಲಿ ಇವತ್ತಿಗೂ ಕಂಚಿನ ವಿಗ್ರಹಗಳನ್ನು ಹೀಗೇ ಎರೆಯುತ್ತಾರೆ. ಅಲ್ಲಿ ಮೇಣದ ಮೇಲೆ ಮಣ್ಣು ಮೆತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳನ್ನೂ ಮೇಣದ ಅಚ್ಚಿನಲ್ಲೇ ಎರೆಯುತ್ತಾರೆ. ವಿಮಾನ ಹತ್ತುವಾಗ 'ಎರಕದ್ದಾ?' ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. ಗಾಲ್ಫ್ ಅಂಗಡಿಯಲ್ಲಿ ಮಾತ್ರ ಎರಕ ಅಂದರೆ ಕಳಪೆ!

ಈಗ ಲೆಕ್ಕ. ಹಳೇ ಕಾಲದ ಬ್ಲೇಡ್ (ಬೆನ್ನಿಗೆ ಹಳ್ಳ ಇಲ್ಲದ) ತಲೆಯ ಹಟ 2000 ಗ್ರಾಂ-ಚದರ ಸೆಂಟಿಮೀಟರ್, ಕ್ಯಾವಿಟಿ ತಲೆಯದು 2800 ಅಂತ ಇಟ್ಟುಕೊಳ್ಳೋಣ. ಎರಡರ ತೂಕವೂ 270 ಗ್ರಾಂ. ಚೆಂಡು ನಡುವಿನಿಂದ ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ತಾಗಿತು. ಆಗ ಬ್ಲೇಡು 207 ಗ್ರಾಂ ತಲೆಯ ಹಾಗೆ ನಡೆದುಕೊಳ್ಳುತ್ತದೆ, ಕ್ಯಾವಿಟಿ 222 ಗ್ರಾಂ ತಲೆಯ ಹಾಗೆ. ಚೆಂಡಿನ ವೇಗದಲ್ಲಿ ಬ್ಲೇಡ್‌ನಿಂದ ಸುಮಾರು ಶೇ 4.2 ನಷ್ಟ, ಕ್ಯಾವಿಟಿಯಿಂದ ಶೇ 3.1. 120 ಮೀಟರ್ ಹೋಗಬೇಕಾದ ಚೆಂಡು ಒಂದರಲ್ಲಿ 115ಕ್ಕೆ ಬೀಳುತ್ತದೆ, ಇನ್ನೊಂದರಲ್ಲಿ 116ರ ಆಚೆ. ತಿರುಚಿಕೊಳ್ಳುವುದನ್ನು ನೋಡಿದರೆ, ತಾಗುವಷ್ಟರಲ್ಲಿ ಬ್ಲೇಡಿನ ಫೇಸ್ ಸುಮಾರು 2 ಡಿಗ್ರಿ ಹೊರಳುತ್ತದೆ, ಕ್ಯಾವಿಟಿಯದು ಒಂದೂವರೆಗಿಂತ ಸ್ವಲ್ಪ ಕಡಿಮೆ. ಆ ದೂರದಲ್ಲಿ ಒಂದು ಮೀಟರಿನಷ್ಟು ಅಡ್ಡ ವ್ಯತ್ಯಾಸ.

ಬರೀ ಇಷ್ಟೇನಾ ಅನಿಸಿತಾ? ಇಷ್ಟೇ. ಅದೂ ತೂಕ ನಡುವಿನಲ್ಲೇ ಕೂತ ಬ್ಲೇಡಿಗೂ ಅಂಚಿಗೆ ಹೋದ ಕ್ಯಾವಿಟಿಗೂ ಇರುವ ಅಂತರ. ನಿಮ್ಮ ಅಗ್ಗದ ಸೆಟ್ಟಿನ ಬೆನ್ನು ತಿರುಗಿಸಿ ನೋಡಿ. ಹಳ್ಳ ಇದೆ ಅಲ್ವಾ? ಸೋಲ್‌ಹೈಮ್ ತಲೆ ಕೆಡಿಸಿಕೊಂಡದ್ದರ ಫಲ ಆಗಲೇ ನಿಮ್ಮ ಕೈಯಲ್ಲಿದೆ. ಲಕ್ಷದ ಹತ್ತಿರದ ಸೆಟ್‌ಗೆ ಹೋದರೆ ಸಿಗುವುದು ಕ್ಯಾವಿಟಿಗೂ ಕ್ಯಾವಿಟಿಗೂ ಇರುವ ಅಂತರ. ಅದು ಇದಕ್ಕಿಂತಲೂ ಸಣ್ಣದು.

ಹಾಗಾದರೆ ಅಂಗಡಿಯಲ್ಲಿ ಹೊಸ ಏಳನೇ ಐರನ್ ಹತ್ತು ಹದಿನೈದು ಮೀಟರ್ ಜಾಸ್ತಿ ಹೋಗುವುದು ಸುಳ್ಳಾ? ಸುಳ್ಳಲ್ಲ, ಆದರೆ ಅದು ಏಳನೇ ಐರನ್ನೇ ಅಲ್ಲ. ಲಾಫ್ಟ್ ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, ಅದು ಕಡಿಮೆಯಾದರೆ ಚೆಂಡು ದೂರ ಹೋಗುತ್ತದೆ. ಹಿಂದೆ ಏಳನೇ ನಂಬರಿನ ಲಾಫ್ಟ್ ಸುಮಾರು 35 ಡಿಗ್ರಿ ಇರುತ್ತಿತ್ತು. ಈಗ ಎಷ್ಟೋ ಕಂಪನಿಗಳು 28ರಿಂದ 30 ಡಿಗ್ರಿ ಇಡುತ್ತವೆ. ಹಳೇ ಲೆಕ್ಕದಲ್ಲಿ ಅದು ಆರನೆಯದು, ಕೆಲವೊಮ್ಮೆ ಐದನೆಯದರ ಹತ್ತಿರ. ಏಳು ಅಂತ ಬರೆದ ಕ್ಲಬ್ಬಿಗೆ ಇಷ್ಟೇ ಲಾಫ್ಟ್ ಇರಬೇಕು ಅಂತ ನಿಯಮವೇ ಇಲ್ಲ. ಐದನೆಯದರ ಮೇಲೆ ಏಳು ಅಂತ ಬರೆದು ಮಾರಿದರೂ ಕೇಳುವವರಿಲ್ಲ. ಆದ್ದರಿಂದ ಅಂಗಡಿಯಲ್ಲಿ ಹೊಡೆದು ನೋಡುವ ಮೊದಲು ಎರಡರ ಲಾಫ್ಟನ್ನೂ ಕೇಳಿ. ನಿಮ್ಮ ಏಳು 34, ಅವರ ಏಳು 29 ಆಗಿದ್ದರೆ ನಿಮ್ಮ ಆರನೆಯದನ್ನು ತೆಗೆದು ಹೋಲಿಸಿ. ಹದಿನೈದು ಮೀಟರ್ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಇಂಥದೇ ಇನ್ನೊಂದು ಮೋಸ ಊಟಿಯಲ್ಲಿ ಆಗುತ್ತದೆ. ಹೊಸ ಸೆಟ್ ತಗೊಂಡವರು ಖುಷಿಗೆ ಅದನ್ನು ನೀಲಗಿರಿಗೆ ಒಯ್ಯುತ್ತಾರೆ, ವೆಲಿಂಗ್ಟನ್‌ನಲ್ಲೋ ಊಟಿಯಲ್ಲೋ ಆಡುತ್ತಾರೆ, ಚೆಂಡು ದೂರ ಹೋಯಿತು ಅಂತ ಹಿಗ್ಗುತ್ತಾರೆ. ಹೊಸೂರು ಸಮುದ್ರ ಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ, ಊಟಿ 2200 ಮೀಟರ್ ದಾಟಿದೆ. ಅಲ್ಲಿನ ಗಾಳಿ ನಮ್ಮೂರಿನದಕ್ಕಿಂತ ಶೇ 12ರಷ್ಟು ತೆಳು. ಗಾಳಿ ಚೆಂಡನ್ನು ಕಡಿಮೆ ತಡೆಯುತ್ತದೆ. 120 ಮೀಟರಿನ ಹೊಡೆತಕ್ಕೆ ಐದಾರು ಮೀಟರ್ ಪುಕ್ಕಟೆ ಸಿಗುತ್ತದೆ. ಚೆಂಡಿಗೂ ಗಾಳಿಗೂ ಇರುವ ಈ ನಂಟನ್ನು 1890ರ ದಶಕದಲ್ಲೇ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ ಬಿಡಿಸಿ ನೋಡಿದ್ದರು. ಚೆಂಡು ಹಿಮ್ಮುಖವಾಗಿ ಗಿರಗಿರ ತಿರುಗುವುದರಿಂದಲೇ ಗಾಳಿ ಅದನ್ನು ಮೇಲೆತ್ತಿ ಹಿಡಿಯುತ್ತದೆ ಅಂತ ತೋರಿಸಿದ್ದು ಅವರೇ. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಅಪ್ಪ ಲೆಕ್ಕ ಬಿಡಿಸಿದ, ಮಗ ಹೊಡೆದ. ಎಂಥ ಮನೆ ನೋಡಿ!

ಇನ್ನು 'ಫೋರ್ಜ್ಡ್ ಐರನ್ ಮೆತ್ತಗೆ' ಅನ್ನುವ ಮಾತು. ಇದಕ್ಕೆ ನನ್ನ ಹತ್ತಿರ ತಾಳ್ಮೆ ಕಡಿಮೆ. ಎರಡೂ ಉಕ್ಕು. ಫೋರ್ಜ್ಡ್ ಹೆಚ್ಚಾಗಿ ಸಾಮಾನ್ಯ ಕಾರ್ಬನ್ ಉಕ್ಕು, ಎರಕದ್ದು ಸ್ಟೇನ್‌ಲೆಸ್. ಒತ್ತಿದರೆ ಬಾಗುವ ಗುಣ ಎರಡರದ್ದೂ ಹೆಚ್ಚುಕಡಿಮೆ ಒಂದೇ. ತಾಗಿದಾಗ ಅಪ್ಪಚ್ಚಿಯಾಗುವುದು ಚೆಂಡು, ಉಕ್ಕಲ್ಲ. ಕೈಯ ನರದಿಂದ ಮೆದುಳಿಗೆ ಸುದ್ದಿ ಮುಟ್ಟಲು ಸುಮಾರು 20 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಚೆಂಡು ಮುಕ್ಕಾಲು ಮೀಟರಿಗೂ ಮುಂದೆ ಹೋಗಿರುತ್ತದೆ. ನೀವು 'ಫೀಲ್' ಅನ್ನುವುದರಲ್ಲಿ ದೊಡ್ಡ ಪಾಲು ಸದ್ದು. ಸದ್ದು ಹುಟ್ಟುವುದು ತಲೆಯ ಆಕಾರದಿಂದ, ಫೇಸಿನ ದಪ್ಪದಿಂದ. ಆ ಸದ್ದು ಇಷ್ಟವಾದರೆ ದುಡ್ಡು ಕೊಟ್ಟು ಕೊಳ್ಳಿ, ಬೇಡ ಅನ್ನುವುದಿಲ್ಲ. ಅದರಿಂದ ಚೆಂಡು ನೆಟ್ಟಗೆ ಹೋಗುತ್ತದೆ ಅನ್ನಬೇಡಿ. ಆಯುಧ ಪೂಜೆ ದಿನ ನಮ್ಮ ಕಡೆ ಲೇತ್ ಮೆಷಿನ್ನಿಗೂ ಗಾಲ್ಫ್ ಬ್ಯಾಗಿಗೂ ಕುಂಕುಮ ಬೀಳುತ್ತದೆ. ಅದು ಗೌರವ. ಅದರಿಂದ ಸ್ಲೈಸ್ (ಚೆಂಡು ಪಕ್ಕಕ್ಕೆ ಬಾಗಿ ಹೋಗುವುದು) ನಿಲ್ಲುತ್ತದೆ ಅಂತ ಯಾರೂ ನಂಬುವುದಿಲ್ಲ. ಬೆಲೆಯ ಚೀಟಿಯನ್ನು ನಂಬುತ್ತಾರೆ, ಅದೇ ನನಗೆ ಚಿಂತೆ.

ದುಬಾರಿ ಸೆಟ್‌ನಲ್ಲಿ ನಿಜವಾಗಿ ಏನೂ ಇಲ್ಲ ಅಂತಲ್ಲ. ಗಟ್ಟಿ ಉಕ್ಕಿನ ತೆಳು ಫೇಸ್ ಹಾಕಿದರೆ ಅದು ಸ್ವಲ್ಪ ಸ್ಪ್ರಿಂಗ್‌ನಂತೆ ಬಾಗಿ ಚೆಂಡನ್ನು ತಳ್ಳುತ್ತದೆ. ಪುಟಿಯುವ ಗುಣಾಂಕ 0.78ರಿಂದ 0.82ಕ್ಕೆ ಏರಿತು ಅಂದುಕೊಂಡರೆ ವೇಗ ಶೇ 2ರಷ್ಟು ಜಾಸ್ತಿ. 120 ಮೀಟರಿಗೆ ಎರಡು ಮೂರು ಮೀಟರ್. ಉಕ್ಕಿಗಿಂತ ಎರಡೂವರೆ ಪಟ್ಟು ಸಾಂದ್ರವಾದ ಟಂಗ್‌ಸ್ಟನ್ ತುಂಡನ್ನು ತುದಿಯಲ್ಲಿ, ತಳದಲ್ಲಿ ಕೂರಿಸುತ್ತಾರೆ. ಅದೂ ಕಾವಡಿಯದೇ ವಿದ್ಯೆ. ಚೆನ್ನಾಗಿ ಆಡುವವರಿಗೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಿಮ್ಮದು ಒಂದು ಹೊಡೆತ ತುದಿಗೆ, ಇನ್ನೊಂದು ಬುಡಕ್ಕೆ, ಮೂರನೆಯದು ಚೆಂಡಿಗಿಂತ ಮೊದಲು ನೆಲಕ್ಕೆ. ನೆಲಕ್ಕೆ ಹೊಡೆದ ಮೇಲೆ ಯಾವ ಟಂಗ್‌ಸ್ಟನ್ನೂ ಕಾಪಾಡುವುದಿಲ್ಲ. ರೇಂಜಿನ (ಅಭ್ಯಾಸದ ಮೈದಾನದ) ರಬ್ಬರ್ ಮ್ಯಾಟ್ ಈ ತಪ್ಪನ್ನು ಮುಚ್ಚಿಬಿಡುತ್ತದೆ, ಕ್ಲಬ್ ಜಾರಿಕೊಂಡು ಮುಂದೆ ಹೋಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಹಾಗೆ ಜಾರುವುದಿಲ್ಲ.

ಬದಲಿಸಲೇಬೇಕಾದದ್ದು ಬೇರೆ ಇದೆ. ಅದರಲ್ಲಿ ಮುಖ್ಯವಾದದ್ದು ಲೈ, ಅಂದರೆ ತಲೆ ನೆಲದ ಮೇಲೆ ಕೂತಾಗ ಶಾಫ್ಟ್ ನಿಲ್ಲುವ ಓರೆ. ಸೆಟ್ಟುಗಳನ್ನು ಸರಾಸರಿ ಎತ್ತರದವರಿಗೆ ಅಂತ ಮಾಡಿರುತ್ತಾರೆ. ನಿಮಗೆ ಲೈ 2 ಡಿಗ್ರಿ ತಪ್ಪಿದ್ದರೆ, 34 ಡಿಗ್ರಿ ಲಾಫ್ಟಿನ ಏಳನೆಯದರಲ್ಲಿ ಚೆಂಡು ಸುಮಾರು 1.35 ಡಿಗ್ರಿ ಪಕ್ಕಕ್ಕೆ ಹೊರಡುತ್ತದೆ. 120 ಮೀಟರಿಗೆ ಹತ್ತಿರ ಹತ್ತಿರ 3 ಮೀಟರ್. ಅದೂ ನಡುವಿಗೆ ಸರಿಯಾಗಿ ಹೊಡೆದಾಗಲೂ! ಬ್ಲೇಡ್ ಬಿಟ್ಟು ಕ್ಯಾವಿಟಿಗೆ ಬಂದದ್ದರಿಂದ ಪಕ್ಕಕ್ಕೆ ಉಳಿದದ್ದು ಒಂದು ಮೀಟರ್, ನೆನಪಿದೆಯಲ್ಲ. ಲಾಫ್ಟ್ ಜಾಸ್ತಿಯಾದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. ಲಾಫ್ಟ್ 56 ಡಿಗ್ರಿ ಇರುವ ವೆಜ್‌ನಲ್ಲಿ (ಚೆಂಡನ್ನು ಎತ್ತರಕ್ಕೆ ಎತ್ತುವ ಕ್ಲಬ್) ಅದೇ 2 ಡಿಗ್ರಿ ತಪ್ಪಿಗೆ ಚೆಂಡು ಸುಮಾರು 3 ಡಿಗ್ರಿ ಹೊರಳುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯ ಟಾಲ್ಕಂ ಪೌಡರ್ ಡಬ್ಬಿ ತಗೊಂಡು ರೇಂಜಿಗೆ ಹೋಗಿ. ಫೇಸಿಗೆ ತೆಳ್ಳಗೆ ಸವರಿ ಹೊಡೆಯಿರಿ. ಚೆಂಡು ತಾಗಿದ ಗುರುತು ಮೂಡುತ್ತದೆ. ಹತ್ತು ಗುರುತುಗಳು ಫೇಸ್ ತುಂಬ ಚೆಲ್ಲಾಡಿದ್ದರೆ ಸೆಟ್ ಬದಲಿಸಿ ಏನೂ ಸಿಗುವುದಿಲ್ಲ. ಆ ದುಡ್ಡಿನಲ್ಲಿ ಒಬ್ಬ ಒಳ್ಳೆ ಕೋಚ್ ಹತ್ತಿರ ಕಲಿಯಿರಿ, ಗ್ರಿಪ್ಪಿನ ರಬ್ಬರ್ ಗಟ್ಟಿಯಾಗಿ ಜಾರುತ್ತಿದ್ದರೆ ಹೊಸದು ಹಾಕಿಸಿ. ಗುರುತುಗಳೆಲ್ಲ ಒಂದೇ ಕಡೆ, ಆದರೆ ತುದಿಯ ಹತ್ತಿರ ಗುಂಪಾಗಿದ್ದರೆ ಉದ್ದ ಅಥವಾ ಲೈ ನಿಮಗೆ ಹೊಂದುತ್ತಿಲ್ಲದೆ ಇರಬಹುದು. ನಡುವಿನಲ್ಲೇ ಗುಂಪಾಗಿದ್ದು, ಹೊಡೆತ ಮಾತ್ರ ಯಾವಾಗಲೂ ತುಂಬ ತಗ್ಗಾಗಿ ಹೋಗುತ್ತಿದ್ದರೆ ಶಾಫ್ಟ್ ವಿಚಾರಿಸಿ. ಅಗ್ಗದ ಸೆಟ್ಟಿನ ಉಕ್ಕಿನ ಶಾಫ್ಟ್ ಕೆಲವರಿಗೆ ತೀರಾ ಭಾರ. ಇಷ್ಟೆಲ್ಲ ಆದ ಮೇಲೆ ಹೊಸ ಸೆಟ್ ನೋಡಿ, ತಪ್ಪೇನಿಲ್ಲ.

ಲೈ ಬಗ್ಗಿಸುವುದನ್ನು ಮಾತ್ರ ನಿಮ್ಮ ವರ್ಕ್‌ಶಾಪಿನಲ್ಲಿ ಮಾಡಲು ಹೋಗಬೇಡಿ, ಟೂಲ್ ರೂಮಿನವರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಕಡಿಮೆ ಬೆಲೆಯ ತಲೆಗಳಲ್ಲಿ ಜಾಸ್ತಿ ಇರುವುದು 17-4 ಅನ್ನುವ ಎರಕದ ಸ್ಟೇನ್‌ಲೆಸ್, ಅಂದರೆ ಶೇ 17 ಕ್ರೋಮಿಯಂ, ಶೇ 4 ನಿಕಲ್. ಶಾಖಕ್ಕೆ ಇಟ್ಟು ಗಟ್ಟಿ ಮಾಡಿದ ಉಕ್ಕು ಅದು. ಫೋರ್ಜ್ಡ್ ತಲೆಗೆ ನಿಜವಾದ ಲಾಭ ಇರುವುದು ಇಲ್ಲೇ, ಅದು ಸಲೀಸಾಗಿ ಬಗ್ಗುತ್ತದೆ. 17-4 ಒಂದೆರಡು ಡಿಗ್ರಿಗೇ ಹಟ ಹಿಡಿಯುತ್ತದೆ, ಜಾಸ್ತಿ ಒತ್ತಿದರೆ ಹೋಸೆಲ್ (ಶಾಫ್ಟ್ ಕೂರುವ ತಲೆಯ ಕತ್ತು) ಚಟ್ ಅಂತ ಮುರಿಯುತ್ತದೆ. ಬೆಂಚ್ ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿಯಬೇಡಿ. ಲೈ ಅಳೆದು ಬಗ್ಗಿಸುವ ಮೆಷಿನ್ ಇಟ್ಟಿರುವ ಅಂಗಡಿಗಳು ಬೆಂಗಳೂರಿನಲ್ಲಿವೆ. ಅಲ್ಲಿಗೆ ಒಯ್ದು, ಇದು ಯಾವ ಉಕ್ಕು, ಎಷ್ಟು ಡಿಗ್ರಿ ಬಗ್ಗುತ್ತದೆ ಅಂತ ಮೊದಲು ಕೇಳಿ, ಆಮೇಲೆ ಕೈಗೆ ಕೊಡಿ.